ವೃದ್ಧಾಶ್ರಮಕ್ಕೆ, ವಾರ್ಡಿಗೆ ಮಕ್ಕಳ ನೃತ್ಯ: ಹೊರಡುವ ಮುನ್ನ ಓದಿಕೊಳ್ಳಿ

"ನಮ್ಮ ಮಕ್ಕಳಿಂದ ವೃದ್ಧಾಶ್ರಮದಲ್ಲಿ ಒಂದು ನೃತ್ಯ ಕಾರ್ಯಕ್ರಮ ಮಾಡಿಸಬೇಕು. ಯಾರನ್ನು ಕೇಳಬೇಕು, ಏನು ಸಿದ್ಧತೆ ಬೇಕು?" ದಾವಣಗೆರೆಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುವ ನನಗೆ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಹರಿಹರದಿಂದ, ಚನ್ನಗಿರಿಯಿಂದ, ಚಿತ್ರದುರ್ಗದಿಂದ ಶಿಕ್ಷಕಿಯರು ಫೋನ್ ಮಾಡುತ್ತಾರೆ. ಪೋಷಕರು ಗೇಟಿನ ಬಳಿ ನಿಲ್ಲಿಸಿ ಕೇಳುತ್ತಾರೆ. ಪ್ರತಿ ಸಲವೂ ಅರ್ಧ ಉತ್ತರ ಹೇಳಿ ತರಗತಿಗೆ ಓಡುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ರಂಗಮಂದಿರಕ್ಕೆಂದು ಕಟ್ಟಿದ ನೃತ್ಯವನ್ನು ಹಾಗೆಯೇ ಎತ್ತಿಕೊಂಡು ಹೋಗಿ ವಾರ್ಡಿನಲ್ಲಿ ಇಳಿಸಲು ಬರುವುದಿಲ್ಲ. ರಂಗಮಂದಿರದಲ್ಲಿ ಪ್ರೇಕ್ಷಕರು ತಾವಾಗಿಯೇ ನಮ್ಮಲ್ಲಿಗೆ ಬಂದಿರುತ್ತಾರೆ. ಇಲ್ಲಿ ನಾವು ಅವರ ಮಲಗುವ ಕೋಣೆಗೆ ನುಗ್ಗುತ್ತಿದ್ದೇವೆ. ಬೇಡವೆನಿಸಿದರೆ ಎದ್ದು ಹೊರಗೆ ಹೋಗುವ ಶಕ್ತಿಯೂ ಅವರಲ್ಲಿ ಹಲವರಿಗೆ ಇರುವುದಿಲ್ಲ. ಕೆಳಗಿನ ಹಂತಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ಬೇಕಾದದ್ದು ಬಹಳವಿಲ್ಲ. ಹತ್ತು ವರ್ಷ ದಾಟಿದ ಆರರಿಂದ ಎಂಟು ಮಕ್ಕಳು, ನೃತ್ಯದ ಜೂನಿಯರ್ ಪರೀಕ್ಷೆ ಮುಗಿಸಿದವರಾದರೆ ಒಳ್ಳೆಯದು. ಮೂರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು. ಒಂದು ಸಣ್ಣ ಸ್ಪೀಕರ್. ಮೂರು ವಾರಗಳ ಸಮಯ. ಇಪ್ಪತ್ತೈದು ಮಕ್ಕಳು, ಅವರ ತಂದೆತಾಯಿ, ಎರಡು ಟೆಂಪೋ ಟ್ರಾವೆಲರ್ ಎಂದು ಯೋಜನೆ ಹಾಕಿದ್ದರೆ ಇಲ್ಲಿಗೇ ನಿಲ್ಲಿಸಿ. ಅದಕ್ಕೆ ಸರಿಯಾದ ಸ್ಥಳ ಶಾಲಾ ವಾರ್ಷಿಕೋತ್ಸವ.

1. ಸ್ಥಳ ಆರಿಸಿಕೊಳ್ಳಿ

ಮೊದಲ ಸಲಕ್ಕೆ ವೃದ್ಧಾಶ್ರಮವೇ ಸರಿ. ಊಟದ ಹಜಾರವಾದರೂ ಇರುತ್ತದೆ, ಅಲ್ಲಿರುವವರಿಗೆ ಸಮಯವೂ ಇರುತ್ತದೆ. ನಿಮ್ಮ ಸುತ್ತಮುತ್ತ ಯಾವ ಸಂಸ್ಥೆಗಳಿವೆ ಎಂದು ತಿಳಿಯದಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಆಸ್ಪತ್ರೆಯನ್ನು ಮೂರನೆಯ ಅಥವಾ ನಾಲ್ಕನೆಯ ಭೇಟಿಗೆ ಇಟ್ಟುಕೊಳ್ಳಿ. ದಾವಣಗೆರೆ ಎರಡು ವೈದ್ಯಕೀಯ ಕಾಲೇಜುಗಳ ಊರು. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದಲೂ ಇಲ್ಲಿಗೇ ಬರುತ್ತಾರೆ, ಆದ್ದರಿಂದ ವಾರ್ಡುಗಳು ತುಂಬಿರುತ್ತವೆ. ಎಲ್ಲ ವಾರ್ಡೂ ನೃತ್ಯಕ್ಕೆ ಒಗ್ಗುವುದಿಲ್ಲ. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಮಲಗಿಸುವ ವಾರ್ಡು, ಐಸೊಲೇಷನ್ ಕೋಣೆ, ಅಂದರೆ ಸೋಂಕು ಹರಡದಂತೆ ರೋಗಿಯನ್ನು ಪ್ರತ್ಯೇಕವಾಗಿ ಇಡುವ ಕೋಣೆ, ಇವುಗಳ ಹೆಸರನ್ನೇ ಎತ್ತಬೇಡಿ. ಕಿಮೊಥೆರಪಿ ಪಡೆಯುತ್ತಿರುವವರಿಗೆ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ನಮ್ಮ ಮಕ್ಕಳ ಸಾಮಾನ್ಯ ನೆಗಡಿಯೂ ಅವರಿಗೆ ಅಪಾಯ. ಹೊರರೋಗಿಗಳು ಕಾಯುವ ಹಜಾರ ನೋಡಲು ವಿಶಾಲವಾಗಿದ್ದು ಆಸೆ ಹುಟ್ಟಿಸುತ್ತದೆ, ಆದರೆ ಸಂಗೀತ ಶುರುವಾದರೆ ಟೋಕನ್ ಸಂಖ್ಯೆ ಕೂಗುವುದು ಯಾರಿಗೂ ಕೇಳಿಸುವುದಿಲ್ಲ. ಹೊಳಲ್ಕೆರೆಯಿಂದ ಬೆಳಿಗ್ಗೆ ಐದಕ್ಕೆ ಹೊರಟು ಬಂದವರ ಸರದಿ ತಪ್ಪಿಸಿ ನೃತ್ಯ ತೋರಿಸಿದರೆ ಯಾರು ಮೆಚ್ಚುತ್ತಾರೆ?

ಡಯಾಲಿಸಿಸ್ ಘಟಕದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಕೆಲಸ ನಿಲ್ಲಿಸಿದ ಮೂತ್ರಪಿಂಡದ ಬದಲು ಯಂತ್ರ ರಕ್ತ ಶುದ್ಧಿ ಮಾಡುವ ಜಾಗ ಅದು. ರೋಗಿಗಳು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸುಮಾರು 4 ಗಂಟೆ ಅಲ್ಲಿಯೇ ಇರಬೇಕು. ಬೇಸರವಂತೂ ಇದ್ದೇ ಇದೆ, ನೃತ್ಯಕ್ಕೆ ಹೇಳಿ ಮಾಡಿಸಿದ ಸ್ಥಳವೆನಿಸುತ್ತದೆ. ಆದರೆ ಅನೇಕರಿಗೆ ಸೂಜಿ ಚುಚ್ಚಿರುವುದು ತೋಳಿಗೆ, ಆ ತೋಳನ್ನು ಅಲುಗಾಡಿಸುವಂತಿಲ್ಲ. "ಎಲ್ಲರೂ ಚಪ್ಪಾಳೆ ತಟ್ಟಿ!" ಎಂದು ಮಗುವೊಂದು ಉತ್ಸಾಹದಿಂದ ಕೂಗಿದರೆ ಸಾಕು, ಅನಾಹುತವಾಗಬಹುದು. ಅಲ್ಲಿಗೆ ಹೋಗುವುದಾದರೆ ಮುಖಾಭಿನಯದ ಒಂದೆರಡು ತುಣುಕು ಮಾತ್ರ, ಪ್ರೇಕ್ಷಕರಿಂದ ಏನನ್ನೂ ಮಾಡಿಸಬೇಡಿ.

ಉಪಶಮನ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವುದಕ್ಕಾಗಿ ಕೊಡುವ ಆರೈಕೆ, ನಡೆಯುವ ಕಡೆಗೆ ಹದಿನಾರು ವರ್ಷದೊಳಗಿನ ಮಕ್ಕಳನ್ನು ನಾನು ಕರೆದೊಯ್ಯುವುದಿಲ್ಲ. ನಿಯಮ ಯಾರೂ ಹಾಕಿದ್ದಲ್ಲ, ನನ್ನದೇ.

2. ಅನುಮತಿ, ಬರಹದಲ್ಲಿ

ಖಾಸಗಿ ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ, ಜಿಲ್ಲಾ ಆಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ವೃದ್ಧಾಶ್ರಮವಾದರೆ ವ್ಯವಸ್ಥಾಪಕರಿಗೆ ಒಂದು ಪುಟದ ಪತ್ರ ಕೊಡಿ. ಮಕ್ಕಳ ಸಂಖ್ಯೆ, ವಯಸ್ಸು, ಜೊತೆಗೆ ಬರುವ ದೊಡ್ಡವರ ಹೆಸರು, ಬೇಕಾದ ದಿನ, ಶುರುವಾಗುವ ಮತ್ತು ಮುಗಿಯುವ ಸಮಯ, ಸ್ಪೀಕರ್ ತರುತ್ತೀರೋ ಇಲ್ಲವೋ, ಇಷ್ಟು ಇದ್ದರೆ ಸಾಕು. ಸಂಸ್ಥೆಯ ಹೊಗಳಿಕೆ, ಸಮಾಜಸೇವೆಯ ವ್ಯಾಖ್ಯಾನ ಬೇಡ. ಹಲವು ಆಸ್ಪತ್ರೆಗಳು 12 ವರ್ಷದೊಳಗಿನ ಮಕ್ಕಳನ್ನು ವಾರ್ಡಿನೊಳಗೆ ಬಿಡುವುದಿಲ್ಲ. ವಯಸ್ಸು ಮುಚ್ಚಿಟ್ಟರೆ ಬಾಗಿಲಿನಿಂದಲೇ ವಾಪಸು ಬರುತ್ತೀರಿ.

ಪತ್ರಕ್ಕೆ ಸಹಿ ಬಿತ್ತೆಂದು ನಿಶ್ಚಿಂತರಾಗಬೇಡಿ. ವಾರ್ಡಿನ ನಿಜವಾದ ಯಜಮಾನಿ ಅಲ್ಲಿನ ಇನ್‌ಚಾರ್ಜ್ ಸಿಸ್ಟರ್. ಮೇಲಿನವರು ಒಪ್ಪಿ ಅವರಿಗೆ ತಿಳಿಸುವುದನ್ನು ಮರೆತಿದ್ದರೆ ನೀವು ಹೋದ ಹೊತ್ತಿಗೆ ಅಲ್ಲಿ ಗಾಯಗಳ ಡ್ರೆಸಿಂಗ್ ನಡೆಯುತ್ತಿರುತ್ತದೆ. ಒಂದು ದಿನ ಮುಂಚೆ ಅವರನ್ನೇ ಮಾತನಾಡಿಸಿ. ಮಕ್ಕಳ ತಂದೆತಾಯಿಯಿಂದಲೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ದಿನದ ಆಯ್ಕೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಅಕ್ಟೋಬರ್ 1 ವಿಶ್ವ ಹಿರಿಯ ನಾಗರಿಕರ ದಿನ. ಅಂದು ಆಶ್ರಮಕ್ಕೆ ನಾಲ್ಕು ತಂಡ, ನಾಲ್ಕು ಭಾಷಣ, ನಾಲ್ಕು ಶಾಲು. ಆಗಸ್ಟ್ 15, ಹೊಸ ವರ್ಷದ ದಿನವೂ ಇದೇ ಕಥೆ. ಸಂಜೆಯ ಹೊತ್ತಿಗೆ ಅಲ್ಲಿನ ಹಿರಿಯರು ನಗುನಗುತ್ತ ಕುಳಿತುಕೊಳ್ಳುವ ಕೆಲಸದಿಂದಲೇ ದಣಿದಿರುತ್ತಾರೆ. ನಾನು ಹೇಳುವುದು ಆಷಾಢ. ಮದುವೆ, ಗೃಹಪ್ರವೇಶ, ಉತ್ಸವ ಯಾವುದೂ ಇರುವುದಿಲ್ಲ, ನೃತ್ಯದ ಮಕ್ಕಳಿಗೆ ಬೇರೆ ಕಾರ್ಯಕ್ರಮವಿಲ್ಲ, ಶಾಲೆಯ ಪರೀಕ್ಷೆಯೂ ದೂರವಿದೆ, ಆಶ್ರಮದ ಕಡೆಗೆ ಯಾರೂ ಸುಳಿಯುವುದಿಲ್ಲ. ನಮ್ಮ ಬಿಸಿಲಿನ ಊರಿನಲ್ಲಿ ಏಪ್ರಿಲ್, ಮೇ ತಿಂಗಳು ಬೇಡವೇ ಬೇಡ.

ಹೊತ್ತು: ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ. ಊಟದ ನಂತರ ನಿದ್ದೆ. ಸಂಜೆ ಕತ್ತಲಾಗುತ್ತಿದ್ದಂತೆ ಮರೆವಿನ ಕಾಯಿಲೆ ಇರುವವರಲ್ಲಿ ಗಲಿಬಿಲಿ, ಚಡಪಡಿಕೆ ಹೆಚ್ಚುವುದುಂಟು. ಆಗ ಹೊಸ ಮುಖಗಳ ಗುಂಪು ಬಂದರೆ ಇನ್ನೂ ಕಷ್ಟ.

3. ಒಮ್ಮೆ ಬರಿಗೈಯಲ್ಲಿ ಹೋಗಿ ಬನ್ನಿ

ಮಕ್ಕಳಿಲ್ಲದೆ, ನೀವೊಬ್ಬರೇ. ನೆಲ ನೋಡಿ. ಈಗ ಎಲ್ಲೆಡೆ ನುಣುಪು ಟೈಲ್ಸ್, ಅದರ ಮೇಲೆ ಫಿನಾಯಿಲ್ ಹಾಕಿ ಒರೆಸಿದ ಹಸಿ. ಬರಿಗಾಲಿನಲ್ಲಿ ಅರೆಮಂಡಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ಕುಳಿತ ಮಗು ಜಾರುವುದು ಇಲ್ಲಿಯೇ. ಕಾರ್ಯಕ್ರಮದ ದಿನ ಎರಡು ಗಂಟೆ ಮುಂಚೆಯೇ ನೆಲ ಒರೆಸಿ ಮುಗಿಸುವಂತೆ ಕೇಳಿಕೊಳ್ಳಿ. ಸೀಲಿಂಗ್ ಫ್ಯಾನ್ ಎಷ್ಟು ಕೆಳಗಿದೆ, ಪ್ಲಗ್ ಎಲ್ಲಿದೆ, ಮಕ್ಕಳು ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ ಎಂದು ಗಮನಿಸಿ.

ಆಮೇಲೆ ಆಯಾ ಅಥವಾ ಸಿಸ್ಟರ್ ಜೊತೆ ಹತ್ತು ನಿಮಿಷ ಕುಳಿತು ಕೇಳಿ. ಕಿವಿ ಮಂದವಿರುವವರು ಎಷ್ಟು ಜನ? ಕಣ್ಣು? ಜೋರು ಸದ್ದಿಗೆ ಬೆಚ್ಚುವವರು ಯಾರಾದರೂ ಇದ್ದಾರೆಯೇ? ಪಾರ್ಶ್ವವಾಯು ಆದವರು? ಯಾವ ಭಾಷೆಯವರು? ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರಾದರೆ ತೆಲುಗು, ಪೇಟೆಯವರಲ್ಲಿ ಉರ್ದು, ತಾಂಡಾಗಳಿಂದ ಬಂದವರಾದರೆ ಲಂಬಾಣಿ ಮಾತೃಭಾಷೆಯಾಗಿರಬಹುದು. ಕೊನೆಯದಾಗಿ, ಇತ್ತೀಚೆಗೆ ಅಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ? ಹೌದೆಂದರೆ ಎರಡು ವಾರ ಮುಂದೂಡಿ. ಹೊರಗಿನವರಿಗೆ ಇದು ಹೊಳೆಯುವುದೇ ಇಲ್ಲ.

4. ಏನನ್ನು ಆಡಬೇಕು

ಒಟ್ಟು ಮೂವತ್ತು ನಿಮಿಷ. ನಲವತ್ತಾದರೆ ಕುರ್ಚಿಯಲ್ಲಿ ಕುಳಿತವರ ಸೊಂಟ ಹೇಳುತ್ತದೆ. ಮೂರರಿಂದ ನಾಲ್ಕು ನಿಮಿಷದ ಐದು ತುಣುಕುಗಳು, ನಡುವೆ ಮಾತು.

ಶುರುವಿಗೆ ಅಲರಿಪ್ಪು ಅಥವಾ ಪುಷ್ಪಾಂಜಲಿ ಚೆನ್ನ, ಭರತನಾಟ್ಯದ ಕಾರ್ಯಕ್ರಮ ಆರಂಭಿಸುವ ನೃತ್ಯಗಳಿವು. ಚಿಕ್ಕದು, ಹಾಡಿನ ಅರ್ಥ ತಿಳಿಯಬೇಕಾದ ಕಷ್ಟವಿಲ್ಲ. ವರ್ಣವನ್ನು, ಅಂದರೆ ಭರತನಾಟ್ಯದ ಕಾರ್ಯಕ್ರಮದ ನಡುವೆ ಬರುವ ದೀರ್ಘ ನೃತ್ಯವನ್ನು, ಮರೆತುಬಿಡಿ. ಅರ್ಧ ಗಂಟೆ ದಾಟುವ ಅದನ್ನು ಆರೋಗ್ಯವಂತ ನೆಂಟರೇ ಗಡಿಯಾರ ನೋಡಿಕೊಂಡು ಸಹಿಸುತ್ತಾರೆ. ಆಮೇಲೆ ಅಭಿನಯ, ಅಂದರೆ ಮುಖ ಮತ್ತು ಕೈಗಳಿಂದ ಕಥೆ ಹೇಳುವ ಭಾಗ. ಬೆಣ್ಣೆ ಕದಿಯುವ ಕೃಷ್ಣ ಎಲ್ಲಿ ಹೋದರೂ ಗೆಲ್ಲುತ್ತಾನೆ. ಯಮ, ಸ್ಮಶಾನ, ವೃದ್ಧಾಪ್ಯದ ಗೋಳು, ಮಕ್ಕಳು ಕೈಬಿಟ್ಟ ತಾಯಿಯ ಕಥೆ ಬೇಡ. ಕೊನೆಯದನ್ನು "ಮನಕಲಕುವಂತಿರುತ್ತದೆ" ಎಂದು ಆರಿಸುವ ಶಿಕ್ಷಕಿಯರಿದ್ದಾರೆ. ಯಾರ ಮನ ಕಲಕಲು ಹೊರಟಿದ್ದೇವೆ ಎಂದು ಒಂದು ಕ್ಷಣ ಯೋಚಿಸಬೇಕು.

ನಮ್ಮ ಸೀಮೆಯ ಹಿರಿಯರ ಕಿವಿಯಲ್ಲಿ ಏನಿದೆ ಎಂಬುದು ಇನ್ನೂ ಮುಖ್ಯ. ಈಗ ಎಂಬತ್ತು ದಾಟಿದ ದಾವಣಗೆರೆಯವರು ಕಂಪನಿ ನಾಟಕ ನೋಡಿ ಬೆಳೆದವರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇದೇ ಊರಿನದು. ಹಳೆಯ ರಂಗಗೀತೆಯೊಂದಕ್ಕೆ ಎರಡು ನಿಮಿಷ ಹೆಜ್ಜೆ ಹಾಕಿಸಿ ನೋಡಿ, ಮಾತೇ ಆಡದವರು ಮುಂದಿನ ಸಾಲನ್ನು ಹಾಡಿಬಿಡುವುದುಂಟು. ಮರೆವು ಬಂದವರಲ್ಲಿ ಹೆಸರು, ದಿನಾಂಕ ಅಳಿದ ಮೇಲೂ ಎಳವೆಯಲ್ಲಿ ಕೇಳಿದ ಹಾಡು ಉಳಿದಿರುವುದು ಸಾಮಾನ್ಯ. ಬಾಯಿಪಾಠ ಬರುವ ವಚನಗಳು, ಸೋಬಾನೆ ಪದಗಳು ಇವೇ ಕಾರಣಕ್ಕೆ ಒಳ್ಳೆಯವು. ಪ್ರೇಕ್ಷಕರಲ್ಲಿ ಬೇರೆ ಬೇರೆ ಧರ್ಮದವರಿದ್ದರೆ ಐದೂ ತುಣುಕು ದೇವರದ್ದೇ ಆಗದಿರಲಿ. ಕೋಲಾಟದ, ಸುಗ್ಗಿಯ, ಮಳೆಯ ಹಾಡು ಎಲ್ಲರದ್ದು.

ಒನಕೆ ಓಬವ್ವನ ವಿಷಯ ಬೇರೆಯಾಗಿ ಹೇಳಬೇಕು. ಚಿತ್ರದುರ್ಗದ ಮಕ್ಕಳ ಯಾವ ತಂಡವೂ ಓಬವ್ವನಿಲ್ಲದೆ ಹೊರಡುವುದಿಲ್ಲ, ಹೊರಡಬಾರದು ಕೂಡ. ಕೋಟೆಯ ಕಿಂಡಿಯಲ್ಲಿ ತೂರಿ ಬರುವ ಹೈದರಾಲಿಯ ಸೈನಿಕರ ತಲೆಗೆ ಆಕೆ ಒನಕೆ ಬೀಸುವಾಗ ಆಶ್ರಮದ ಅಜ್ಜಿಯರು ಹುರುಪಿನಿಂದ ಕೂಗುತ್ತಾರೆ. ಆದರೆ ನಿಜವಾದ ಒನಕೆಯನ್ನು ಗಾಲಿಕುರ್ಚಿಗಳ ನಡುವೆ ಬೀಸುವುದು ಬೇಡ, ಸಲೈನ್ ಸ್ಟ್ಯಾಂಡ್ ಇರುವ ವಾರ್ಡಿನಲ್ಲಂತೂ ಕೂಡದು. ಕೈಯಲ್ಲಿ ಒನಕೆಯಿಲ್ಲದೆ ಒನಕೆ ಕಾಣಿಸಬೇಕು. ಅಭಿನಯ ಕಲಿತದ್ದು ಅದಕ್ಕೇ ತಾನೆ? ವೀರಗಾಸೆಯ ಕತ್ತಿ, ಡೊಳ್ಳಿನ ಸದ್ದು, ಕೋಲಾಟದ ಕೋಲಿಗೂ ಇದೇ ಮಾತು. ಕೋಲಿನ ಬದಲು ಅಂಗೈ ತಟ್ಟಿಸಿ.

5. ನೃತ್ಯವನ್ನು ಕುರ್ಚಿಗೆ ಇಳಿಸುವುದು

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಮೂರು ವಾರಗಳಲ್ಲಿ ಎರಡನ್ನು ಇದಕ್ಕೇ ಇಡಿ.

ಮೊದಲು ನಿಮ್ಮ ಮಕ್ಕಳನ್ನು ಕುರ್ಚಿಯ ಮೇಲೆ ಕೂರಿಸಿ, ಗೊತ್ತಿರುವ ನೃತ್ಯವನ್ನೇ ಸೊಂಟದ ಮೇಲಿನ ದೇಹದಿಂದ ಮಾತ್ರ ಮಾಡಿಸಿ. ಗೊಣಗುತ್ತಾರೆ. ಎರಡನೆಯ ದಿನಕ್ಕೆ ಅವರಿಗೇ ತಿಳಿಯುತ್ತದೆ, ಕಾಲಿನ ಅಬ್ಬರದಲ್ಲಿ ಮುಚ್ಚಿಹೋಗಿದ್ದ ಕೈತಪ್ಪುಗಳೆಲ್ಲ ಎದ್ದು ಕಾಣುತ್ತವೆ ಎಂದು. ಮಲಗಿರುವವರಿಗೆ ಕಾಣುವುದು ಹೇಗೂ ಸೊಂಟದ ಮೇಲಿನ ಭಾಗವೇ. ಮಂಚದ ಅಂಚು ನರ್ತಕಿಯ ಪಾದಗಳನ್ನು ಮರೆಮಾಡುತ್ತದೆ. ನೀವು ವರ್ಷಗಟ್ಟಲೆ ತಿದ್ದಿದ ಅಡವುಗಳು, ಅಂದರೆ ನೃತ್ಯದ ಮೂಲ ಹೆಜ್ಜೆಗಳು, ಅಲ್ಲಿ ಬರಿಯ ಸದ್ದು. ಹಾಸಿಗೆಯ ಪಕ್ಕದ ತುಣುಕಿನಲ್ಲಿ ಕೈಗಳು ಎದೆಯ ಮಟ್ಟಕ್ಕಿಂತ ಕೆಳಗಿಳಿಯದಿರಲಿ, ದೃಷ್ಟಿ ಕೊಂಚ ಕೆಳಮುಖವಾಗಿರಲಿ. ರಂಗಮಂದಿರದ ಕೊನೆಯ ಸಾಲನ್ನು ನೋಡುವ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ.

ಎರಡನೆಯದಾಗಿ, ಪ್ರೇಕ್ಷಕರೂ ಕುಳಿತಲ್ಲಿಯೇ ಮಾಡಬಹುದಾದ ಐದು ನಿಮಿಷದ ಒಂದು ಭಾಗ. ಭರತನಾಟ್ಯದಲ್ಲಿ ಅಸಂಯುತ ಹಸ್ತ ಎಂದರೆ ಒಂದು ಕೈಯ ಮುದ್ರೆಗಳು, ಒಟ್ಟು 28. ಸಂಯುತ ಹಸ್ತ ಎಂದರೆ ಎರಡು ಕೈ ಸೇರಿಸಿ ಮಾಡುವಂಥವು. ಇಲ್ಲಿ ಒಂಟಿಕೈ ಮುದ್ರೆಗಳನ್ನೇ ಆರಿಸಿ. ಪಾರ್ಶ್ವವಾಯುವಿನಿಂದ ಒಂದು ಕೈ ಬಿದ್ದುಹೋದವರು ಎರಡೂ ಕೈ ಕೇಳುವ ಮುದ್ರೆಯ ಮುಂದೆ ಸುಮ್ಮನೆ ತಲೆತಗ್ಗಿಸಿ ಕೂರಬೇಕಾಗುತ್ತದೆ. ಪತಾಕ, ಮುಷ್ಟಿ, ಅಲಪದ್ಮ ಸಾಕು. ಚಾಚಿದ ಅಂಗೈ, ಹಿಡಿದ ಮುಷ್ಟಿ, ಅರಳಿದ ತಾವರೆ. ಅಲಪದ್ಮಕ್ಕೆ ಬೆರಳುಗಳನ್ನು ಕಿರುಬೆರಳಿನಿಂದ ಒಂದೊಂದಾಗಿ ಬಿಡಿಸಿಸಿ, ಅವಸರ ಬೇಡ. ಸಂಧಿವಾತವಿದ್ದವರ ಬೆರಳು ಅರ್ಧಕ್ಕೇ ನಿಂತರೆ ಅದನ್ನು ಮೊಗ್ಗು ಎನ್ನಿ. ಮಕ್ಕಳು ಮುಂದೆ ಹೋಗಿ ಅವರ ಬೆರಳು ಹಿಡಿದು ನೇರ ಮಾಡಬಾರದು, ಇದನ್ನು ಹತ್ತು ಸಲ ಹೇಳಿ. ತಿದ್ದುವ ಚಟ ನಮ್ಮಿಂದಲೇ ಅವರಿಗೆ ಅಂಟಿರುವುದು.

ಕತ್ತನ್ನು ಎಡಬಲ ಜಾರಿಸುವ ಗ್ರೀವಾಭೇದವನ್ನು ಹಿರಿಯರಿಂದ ಮಾಡಿಸಲೇಬೇಡಿ. ಕತ್ತಿನ ಮೂಳೆ ಸವೆದವರಿಗೆ ತಲೆಸುತ್ತು ಬರುತ್ತದೆ. ಎದ್ದು ನಿಂತು ಕುಣಿಯಲು ಹೊರಟವರಿಗೆ ಪಕ್ಕದಲ್ಲಿ ಆಯಾ ಅಥವಾ ಸಿಬ್ಬಂದಿ ಇರಬೇಕು. ಹನ್ನೆರಡು ವರ್ಷದ ಮಗು ಅರವತ್ತು ಕಿಲೋ ತೂಕವನ್ನು ಹಿಡಿದು ನಿಲ್ಲಿಸಲಾರದು.

ಮೂರನೆಯದು ನನಗೆ ತಡವಾಗಿ ಹೊಳೆದದ್ದು. ಮುದ್ರೆಗಿಂತ ಚೆನ್ನಾಗಿ ಒಗ್ಗುವುದು ಅವರ ಕೈಗೆ ಮೊದಲೇ ಗೊತ್ತಿರುವ ಕೆಲಸ. ಜೋಳದ ರೊಟ್ಟಿ ತಟ್ಟುವುದು, ಬೀಸುವ ಕಲ್ಲು ತಿರುಗಿಸುವುದು, ಮೊರದಲ್ಲಿ ಕೇರುವುದು, ಮಜ್ಜಿಗೆ ಕಡೆಯುವುದು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರಿದ್ದರೆ ಹರಿದ ನೂಲಿನ ಎಳೆ ಕೂಡಿಸುವುದು, ಮಂಡಕ್ಕಿ ಭಟ್ಟಿಯಲ್ಲಿದ್ದವರಾದರೆ ಹುರಿಯುವುದು. ರೊಟ್ಟಿ ತಟ್ಟುವ ಲಯವನ್ನು ಆದಿತಾಳದ ಎಂಟು ಎಣಿಕೆಗೆ ಕೂಡಿಸುವುದು ಕಷ್ಟವಲ್ಲ. ಇಲ್ಲಿ ಪಾತ್ರಗಳು ಅದಲುಬದಲಾಗುತ್ತವೆ: ಪ್ಯಾಕೆಟ್ ಚಪಾತಿ ತಿಂದು ಬೆಳೆದ ನಮ್ಮ ಹುಡುಗಿಯರಿಗೆ ತಟ್ಟಲು ಬರುವುದಿಲ್ಲ, ಎದುರಿಗಿರುವವರು ನಕ್ಕು ಹೇಳಿಕೊಡುತ್ತಾರೆ. ಆ ನಗು ಮೂವತ್ತು ನಿಮಿಷದ ಕಾರ್ಯಕ್ರಮದಲ್ಲಿ ಬೇರೆಲ್ಲಿಯೂ ಸಿಗುವುದಿಲ್ಲ, ಆದ್ದರಿಂದ ಇದನ್ನು ನಾಲ್ಕನೆಯ ತುಣುಕಾಗಿ ಇಡಿ, ಕೊನೆಯದಾಗಿ ಬೇಡ, ಮುಗಿಸಿಬಿಡಬೇಕಾದ ಅವಸರವಿರಬಾರದು.

ಇದನ್ನು ನೃತ್ಯ ಚಿಕಿತ್ಸೆ ಎಂದು ಮಾತ್ರ ಕರೆಯಬೇಡಿ. ಅದು ಪ್ರತ್ಯೇಕ ತರಬೇತಿ ಬೇಡುವ ವೃತ್ತಿ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ನೃತ್ಯ ತಂಡದವರು 2001ರಿಂದ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ ತರಗತಿ ನಡೆಸುತ್ತಿದ್ದಾರೆ. ಕೈಕಾಲು ನಡುಗುವ, ಹೆಜ್ಜೆ ಎತ್ತಲು ತಡವಾಗುವ ಕಾಯಿಲೆ ಅದು. ಅವರೂ ಅದನ್ನು ನೃತ್ಯ ತರಗತಿ ಎಂದೇ ಕರೆಯುತ್ತಾರೆ. ನಾವು ಬ್ಯಾನರಿನ ಮೇಲೆ ಚಿಕಿತ್ಸೆ ಎಂದು ಅಚ್ಚು ಹಾಕಿಸುವುದು ಅತಿಯಾಯಿತು.

6. ಮಕ್ಕಳಿಗೆ ಮುಂಚೆಯೇ ಹೇಳಬೇಕಾದದ್ದು

ಏನು ಕಾಣಿಸುತ್ತದೆ ಎಂದು ಇದ್ದಂತೆ ಹೇಳಿ. ಮೂಗಿನಲ್ಲಿ ನಳಿಕೆ ಇರಬಹುದು, ಮೂತ್ರದ ಚೀಲ ಮಂಚಕ್ಕೆ ತೂಗಿರಬಹುದು, ವಾಸನೆ ಇರಬಹುದು, ಯಾರಾದರೂ ನಡುವೆ ಅಳಬಹುದು ಅಥವಾ ಬೈಯಬಹುದು. ಅಳುವವರನ್ನು ಕಂಡು ಮಕ್ಕಳು ತಾವೇ ತಪ್ಪು ಮಾಡಿದೆವೆಂದುಕೊಳ್ಳುತ್ತಾರೆ. ಹಾಡು ಕೇಳಿ ಏನೋ ನೆನಪಾಯಿತು, ಅಷ್ಟೇ, ನೀನು ನಿಲ್ಲಿಸಬೇಡ ಎಂದು ಹೇಳಿ. ಹೆದರಿಕೆಯಾದರೆ ಹೊರಗೆ ಬರಲು ಒಂದು ಸಂಕೇತ ಇರಲಿ. ನಮ್ಮಲ್ಲಿ ಎಡಗೈಯನ್ನು ಸೊಂಟಕ್ಕೆ ಇಟ್ಟುಕೊಂಡರೆ ಜೊತೆಗಿರುವ ದೊಡ್ಡವರು ಬಂದು ಸದ್ದಿಲ್ಲದೆ ಕರೆದೊಯ್ಯುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ.

ಕೇಳಬಾರದ ಪ್ರಶ್ನೆಗಳಿವೆ. "ನಿಮ್ಮ ಮಕ್ಕಳು ಎಲ್ಲಿದ್ದಾರೆ?" "ಯಾಕೆ ಇಲ್ಲಿದ್ದೀರಿ?" "ಯಾವಾಗ ಮನೆಗೆ ಹೋಗುತ್ತೀರಿ?" ಇದರ ಬದಲು "ನಿಮಗೆ ಯಾವ ಹಾಡು ಇಷ್ಟ?" "ಚಿಕ್ಕವರಿದ್ದಾಗ ದುಗ್ಗಮ್ಮನ ಜಾತ್ರೆಗೆ ಹೋಗುತ್ತಿದ್ದಿರಾ?" ಎಂದು ಕೇಳಬಹುದು. ಎಲ್ಲರನ್ನೂ ಅಜ್ಜ, ಅಜ್ಜಿ ಎಂದು ಕರೆಯುವುದು ನಮಗೆ ರೂಢಿ, ಬಹಳ ಮಂದಿಗೆ ಇಷ್ಟವೂ ಹೌದು. ಆದರೆ ನಲವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ "ಸರ್" ಎಂದರೆ ಮುಖ ಅರಳುತ್ತದೆ. ಹೇಗೆ ಕರೆಯಲಿ ಎಂದು ಕೇಳುವುದರಲ್ಲಿ ನಷ್ಟವಿಲ್ಲ. ಏಕವಚನವಂತೂ ಬೇಡ, ಹಿರಿಯರು ಏನೂ ಅರಿಯದ ಸ್ಥಿತಿಯಲ್ಲಿದ್ದರೂ.

ಕಾಲು ಮುಟ್ಟಿ ನಮಸ್ಕರಿಸುವ ಬಗ್ಗೆಯೂ ಎಚ್ಚರ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯವಿರುತ್ತದೆ, ಹೊದಿಕೆಯ ಕೆಳಗೆ ನಿಮಗೆ ಕಾಣುವುದಿಲ್ಲ. ದೂರದಿಂದ ಕೈಮುಗಿದರೆ ಸಾಕು. ಅವರಾಗಿಯೇ ಕರೆದು ತಲೆ ಸವರಿದರೆ ಬೇರೆ ಮಾತು. ಮಕ್ಕಳಿಗೂ ಮೈ ಮುಟ್ಟಿಸಿಕೊಳ್ಳುವುದು ಇಷ್ಟವಿಲ್ಲದಿದ್ದರೆ ಹಿಂದೆ ಸರಿಯುವ ಹಕ್ಕಿದೆ ಎಂದು ಸ್ಪಷ್ಟವಾಗಿ ತಿಳಿಸಿ, ಯಾವ ಮಗುವನ್ನೂ ಕೋಣೆಯಲ್ಲಿ ಒಂಟಿಯಾಗಿ ಬಿಡಬೇಡಿ.

7. ಸದ್ದು, ಉಡುಗೆ, ಗೆಜ್ಜೆ

ವಯಸ್ಸಾದಂತೆ ಮೊದಲು ಮಂದವಾಗುವುದು ತೀಕ್ಷ್ಣ ಸ್ವರಗಳ ಕೇಳ್ಮೆ. ಕೇಳಿಸುತ್ತಿಲ್ಲವೆಂದು ಸ್ಪೀಕರ್ ಏರಿಸಿದರೆ ಶ್ರವಣಯಂತ್ರ ಹಾಕಿಕೊಂಡವರಿಗೆ ಕಿವಿಯೊಳಗೆ ತಗಡು ಬಡಿದಂತಾಗುತ್ತದೆ. ಸದ್ದು ಕಡಿಮೆ ಇರಲಿ, ಸ್ಪೀಕರ್ ಹತ್ತಿರವಿರಲಿ. ಕಂಚಿನ ತಾಳದ ಬದಲು ತಟ್ಟುಮಣೆ, ಅಂದರೆ ಮರದ ಮಣೆಯ ಮೇಲೆ ಕೋಲಿನಿಂದ ತಟ್ಟುವುದು, ಕಿವಿಗೆ ಹಿತ. ವಾರ್ಡಿಗೆ ಪೂರ್ತಿ ಗೆಜ್ಜೆ ಬೇಡ, ಒಂದು ಸಾಲು ಸಾಕು. ಹಾಸಿಗೆಯ ಪಕ್ಕದಲ್ಲಿ ಗೆಜ್ಜೆಯೇ ಬೇಡ. ಹಾಡನ್ನು ಮೊಬೈಲಿಗೆ ಇಳಿಸಿಕೊಂಡು ಫ್ಲೈಟ್ ಮೋಡ್‌ನಲ್ಲಿ ಇಡಿ, ಇಲ್ಲದಿದ್ದರೆ ಕೃಷ್ಣ ಬೆಣ್ಣೆಗೆ ಕೈಹಾಕುವ ಹೊತ್ತಿಗೆ ಸಾಲದ ಕಂಪನಿಯವರ ಕರೆ ಬರುತ್ತದೆ. ಕರೆಂಟ್ ಹೋದರೆ ಹಾಡಲು ಒಬ್ಬರು ಸಿದ್ಧವಿರಲಿ.

ಪೂರ್ಣ ಅಲಂಕಾರ ಮಾಡಿಸಬೇಡಿ. ಕಣ್ಣಿಗೆ ದಪ್ಪ ಕಾಡಿಗೆ, ಮುಖಕ್ಕೆ ಬಣ್ಣ ಬಳಿದ ಮಗುವನ್ನು ಹತ್ತಿರದಿಂದ ಕಂಡು ಮರೆವಿನ ಕಾಯಿಲೆಯವರು ಹೆದರುವುದುಂಟು. ಅಭ್ಯಾಸದ ಹತ್ತಿ ಸೀರೆ, ಒಂದು ಬೊಟ್ಟು. ಬಣ್ಣ ಕೆಂಪು ಅಥವಾ ಹಳದಿ ಇರಲಿ. ವಯಸ್ಸಾದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯ ಛಾಯೆಗಳು ಮಸುಕಾಗುತ್ತವೆ. ಅಂಗೈ, ಕಾಲಿಗೆ ಅಲ್ತಾ ಎಂಬ ಕೆಂಪು ಬಣ್ಣ ಹಚ್ಚಿದರೆ ಬೆವರಿಗೆ ಕರಗಿ ನೆಲದ ಮೇಲೆ ಕೆಂಪು ಗುರುತು ಬೀಳುತ್ತದೆ, ಆಸ್ಪತ್ರೆಯಲ್ಲಿ ಅದು ಬೇರೆಯದೇ ಗಾಬರಿ ಹುಟ್ಟಿಸುತ್ತದೆ. ಮಲ್ಲಿಗೆ, ಸೆಂಟು ಉಬ್ಬಸದವರಿಗೆ ಆಗದು.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆಯೇ ಓದಿಕೊಳ್ಳಿ. ದೀಪ, ಕರ್ಪೂರ, ಊದುಬತ್ತಿ ಯಾವುದನ್ನೂ ವಾರ್ಡಿನೊಳಗೆ ಹಚ್ಚಬೇಡಿ. ಆಕ್ಸಿಜನ್ ಇರುವ ಕಡೆ ಸಣ್ಣ ಕಿಡಿಯೂ ಭಗ್ಗನೆ ಹತ್ತಿಕೊಳ್ಳುತ್ತದೆ. ನಟರಾಜನಿಗೆ ತರಗತಿಯಲ್ಲಿಯೇ ಆರತಿ ಮಾಡಿ ಹೊರಡಿ.

8. ಆ ದಿನ

ಹೊರಡುವ ಮುನ್ನ ಪ್ರತಿ ಮಗುವಿನ ಹಣೆ ಮುಟ್ಟಿ ನೋಡಿ. ಜ್ವರ, ಕೆಮ್ಮು, ಭೇದಿ, ಕಣ್ಣು ಕೆಂಪಾಗಿರುವುದು ಕಂಡರೆ ಮನೆಗೆ ಕಳುಹಿಸಿ. ಅಭ್ಯಾಸ ಮಾಡಿದ ಮಗು ಅಳುತ್ತದೆ, ಅದರ ತಾಯಿ ಇನ್ನೂ ಹೆಚ್ಚು ಬೇಸರಪಡುತ್ತಾರೆ, ಬಗ್ಗಬೇಡಿ. ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ.

ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿಸಿ, ಗಾಲಿಕುರ್ಚಿಗಳನ್ನು ತುದಿಗಳಲ್ಲಿ ಇಡಿ. ನಡುವೆಯೇ ಯಾರನ್ನಾದರೂ ಶೌಚಾಲಯಕ್ಕೆ ಕರೆದೊಯ್ಯಬೇಕಾದರೆ ಸುಲಭ. ಗಾಲಿಯ ಬ್ರೇಕ್ ಹಾಕಿದೆಯೇ ನೋಡಿ. ಬೆಳಕು ನರ್ತಕಿಯ ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಪೊರೆ ಬಂದ ಕಣ್ಣಿಗೆ ಕಪ್ಪು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಭಾಷಣ ಬೇಡ, ಸನ್ಮಾನ ಬೇಡ, ಮುಖ್ಯ ಅತಿಥಿ ಬೇಡ. ಮಗುವೊಂದು ಮುಂದೆ ಬಂದು ತನ್ನ ಹೆಸರು, ಊರು, ಮುಂದಿನ ತುಣುಕಿನಲ್ಲಿ ಏನಿದೆ ಎಂದು ಎರಡು ವಾಕ್ಯ ನಿಧಾನವಾಗಿ ಹೇಳಿದರೆ ಆಯಿತು. ಯಾರಾದರೂ ನಿದ್ದೆ ಹೋದರೆ ಹೋಗಲಿ. ಯಾರಾದರೂ ಬೇಡವೆಂದು ಎದ್ದರೆ ತಡೆಯಬೇಡಿ.

ಫೋಟೊ ವಿಷಯಕ್ಕೆ ಜಗಳವಾಗದ ಭೇಟಿಯೇ ಇಲ್ಲ. ರೋಗಿಯ, ಆಶ್ರಮದ ನಿವಾಸಿಯ ಮುಖ ಅವರ ಒಪ್ಪಿಗೆಯಿಲ್ಲದೆ ಯಾರ ಸ್ಟೇಟಸ್ಸಿನಲ್ಲಿಯೂ ಕಾಣಬಾರದು. ಮಗ ಬೆಂಗಳೂರಿನಲ್ಲಿದ್ದಾನೆಂದು ಊರಿಗೆಲ್ಲ ಹೇಳಿಕೊಂಡು ಆಶ್ರಮ ಸೇರಿದವರಿರುತ್ತಾರೆ. ನಾನು ಒಬ್ಬರಿಗೆ ಮಾತ್ರ ಫೋನ್ ಕೊಡುತ್ತೇನೆ. ಪ್ರೇಕ್ಷಕರ ಹಿಂಬದಿಯಿಂದ, ಮಕ್ಕಳ ಮುಖ ಕಾಣುವಂತೆ ಹತ್ತು ಚಿತ್ರ, ಅಷ್ಟೇ. ಉಳಿದವರ ಫೋನ್ ಚೀಲದಲ್ಲಿ.

ತಿಂಡಿ ಹಂಚುವ ಉಮೇದು ನಮ್ಮವರಿಗೆ ಜಾಸ್ತಿ. ಲಡ್ಡು ಸಕ್ಕರೆ ಕಾಯಿಲೆಯವರಿಗೆ ಆಗದು. ಮಂಡಕ್ಕಿ, ಖಾರ ಕೊಟ್ಟರೆ ನುಂಗಲು ತೊಂದರೆ ಇರುವವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊಡಲೇಬೇಕೆಂದರೆ ಅಡುಗೆಮನೆಯವರ ಕೈಗೆ ಕೊಟ್ಟುಬನ್ನಿ, ಯಾರಿಗೆ ಏನೆಂದು ಅವರಿಗೆ ಗೊತ್ತು.

9. ಮುಗಿದ ಮೇಲೆ

ಕಾರ್ಯಕ್ರಮದ ನಂತರ ಹದಿನೈದು ನಿಮಿಷ ಅಲ್ಲಿಯೇ ಇರಿ. ಮಕ್ಕಳು ಇಬ್ಬಿಬ್ಬರಾಗಿ ಒಬ್ಬೊಬ್ಬರ ಪಕ್ಕ ಕುಳಿತುಕೊಳ್ಳಲಿ. ಬಸ್ಸಿನಲ್ಲಿ ವಾಪಸು ಬರುವಾಗ ಏನು ಇಷ್ಟವಾಯಿತು, ಏನು ಹೆದರಿಸಿತು ಎಂದು ಕೇಳಿ, ಉಪದೇಶ ಮಾಡಬೇಡಿ. ಮನೆಗೆ ಹೋಗಿ ಊಟ ಬಿಟ್ಟ ಮಗು ಇದ್ದರೆ ತಂದೆತಾಯಿಗೆ ಅಂದೇ ಸಂಜೆ ಫೋನ್ ಮಾಡಿ. ಅಲ್ಲಿ ಯಾರಾದರೂ ಹಿರಿಯರನ್ನು ಹೊಡೆದ, ಕಟ್ಟಿಹಾಕಿದ ಗುರುತು ಮಕ್ಕಳ ಕಣ್ಣಿಗೆ ಬಿದ್ದಿದ್ದರೆ ಅದನ್ನು ತಳ್ಳಿಹಾಕಬೇಡಿ. ಮೇಲೆ ಹೇಳಿದ 14567ಕ್ಕೆ ನೀವೇ ತಿಳಿಸಿ.

ಹೊರಡುವ ಮುನ್ನ ಮುಂದಿನ ದಿನ ಗೊತ್ತು ಮಾಡಿಕೊಳ್ಳಿ. ಎರಡು ತಿಂಗಳಿಗೊಮ್ಮೆ ಆಗದಿದ್ದರೆ ನಾಲ್ಕು ತಿಂಗಳಿಗೊಮ್ಮೆ, ಆದರೆ ಆಗದ ಮಾತನ್ನು "ಮುಂದಿನ ವಾರ ಬರುತ್ತೇವೆ ಅಜ್ಜಿ" ಎಂದು ಮಕ್ಕಳ ಬಾಯಲ್ಲಿ ಹೇಳಿಸಬೇಡಿ. ಆ ವಾರ ಪೂರ್ತಿ ಬಾಗಿಲು ನೋಡುವವರಿರುತ್ತಾರೆ. ಯಾರು ಯಾವ ಹಾಡು ಕೇಳಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೊರಡುವ ಹಿಂದಿನ ದಿನ ಆ ಪಟ್ಟಿ ಹಿಡಿದು ಆಶ್ರಮಕ್ಕೆ ಫೋನ್ ಮಾಡಿ, ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿ, ಮಕ್ಕಳಿಗೆ ಬಸ್ ಹತ್ತುವ ಮೊದಲೇ ಹೇಳಿ. ಇಲ್ಲದವರು ಕೇಳಿದ್ದ ಹಾಡನ್ನು ಬಿಡಬೇಕೇ, ಆಡಬೇಕೇ ಎಂಬುದನ್ನು ನಾನು ಮಕ್ಕಳಿಗೇ ಬಿಡುತ್ತೇನೆ. ಇದುವರೆಗೆ ಅವರು ಒಮ್ಮೆಯೂ ಬಿಟ್ಟಿಲ್ಲ.